ಕಾಲು ತುಳಿದವನು

ಕಂಠಪ್ಪ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ಪಡಸಾಲೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿಬಿಟ್ಟರು. ಅವನಿಗಂತೂ ಹಾಗೇ ಅನಿಸಿತು. ತುಟಿಗಳು ಮಾತ್ರ ಅಲ್ಲಲ್ಲಿ ಅಲ್ಲಾಡುತ್ತಿದ್ದವು. ತನ್ನ ವಿಷಯವೇ ಇರಬೇಕು. ಮೂರು ವರ್ಷದಿಂದ ಮಾತು ಬಿಟ್ಟವನು ಈಗ ಹೆಣ ನೋಡಲು ಬಂದರೆ ಸಾಲಿಗ್ರಾಮದ ಜನ ಸುಮ್ಮನಿರುತ್ತಾರೆಯೇ?

ಲಿಂಗರಾಜುವನ್ನು ಕುರ್ಚಿಯಲ್ಲಿ ಕೂರಿಸಿ, ವಾಲದಂತೆ ಪಂಚೆಯಿಂದ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ನಿನ್ನೆ ತನ್ನ ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದವನು ಎದೆನೋವು ಎಂದು ಕೂತನಂತೆ, ಮತ್ತೆ ಏಳಲಿಲ್ಲವಂತೆ. ಕಂಠಪ್ಪನಿಗೆ ಮುಖ ನೋಡುವ ಧೈರ್ಯ ಬರಲಿಲ್ಲ. ಕಣ್ಣು ನೇರ ಬಲಗಾಲಿಗೆ ಹೋಯಿತು. ಇದೇ ಕಾಲಲ್ಲವೇ ತನ್ನನ್ನು ತುಳಿದದ್ದು?

ಹಿಂದೆ ತಮ್ಮ ಬ್ಯಾಂಡಿನಲ್ಲಿ ಕೀಬೋರ್ಡ್ ಬಾರಿಸುತ್ತಿದ್ದ ಸೋಮಶೇಖರ ಹತ್ತಿರ ಬಂದು ಏನೋ ಅಂದ.

"ಏನ್ಲಾ? ಗುಸುಗುಸು ಅನ್ನಬ್ಯಾಡ, ನೆಟ್ಟಗೆ ಹೇಳು."

"ನೀನು ಬಂದಿದ್ದು ಒಳ್ಳೇದಾಯ್ತು ಅಂದೆ ಕಣೋ! ಯಾರ್ ಗುಸುಗುಸು ಅಂದೋರು?"

ಸಾವಿನ ಮನೆಯಲ್ಲಿ ಇವನೇಕೆ ಹೀಗೆ ಕಿರುಚುತ್ತಾನೆ? ಕಂಠಪ್ಪನಿಗೆ ಅದರ ಮೇಲೂ ಅನುಮಾನ ಬಂತು.

*

ಮೂವರೂ ಸೇರಿ 'ಗುಡುಗು' ಎಂದು ರಾಕ್ ಬ್ಯಾಂಡ್ ಕಟ್ಟಿದ್ದು ತೊಂಬತ್ತರ ಆಚೀಚೆ. ಲಿಂಗರಾಜುವಿನದು ಗಿಟಾರ್ ಮತ್ತು ಹಾಡು. ಅವನ ಅಂಗಡಿಯ ಸ್ಪೀಕರ್ ಬಾಕ್ಸುಗಳನ್ನು ಟೆಂಪೋಗೆ ಹೇರಿಕೊಂಡು ಹುಣಸೂರು, ಪಿರಿಯಾಪಟ್ಟಣದ ಗಣಪತಿ ಪೆಂಡಾಲುಗಳಿಗೆ ಹೋಗುತ್ತಿದ್ದರು. "ತೂಬು ಎತ್ತೋ, ನೀರು ಬರಲಿ" ಎಂದು ಲಿಂಗರಾಜು ಶುರು ಮಾಡಿದರೆ ನಾಲೆ ನೀರಿಗೆ ಕಾದು ಬೇಸತ್ತ ಹುಡುಗರೆಲ್ಲ "ಎತ್ತೋ!" ಎಂದು ಕೂಗುತ್ತಿದ್ದರು. ಹಿಂದೆ, ಎಲ್ಲರಿಗಿಂತ ಎತ್ತರದಲ್ಲಿ, ಡ್ರಮ್ಮುಗಳ ನಡುವೆ ಕಂಠಪ್ಪ. ಹಗಲು ಕೆಲಸಕ್ಕಿದ್ದ ರೈಸ್ ಮಿಲ್ಲಿನ ಸದ್ದು, ಸಂಜೆ ಡ್ರಮ್ಮಿನ ಸದ್ದು. ಅವನಿಗೆ ಎರಡೂ ಇಷ್ಟವೇ.

ಆಮೇಲೆ ಊರಿಗೆ ಊರೇ ಬದಲಾಯಿತು. ಜನ ಗೊಣಗಿಕೊಂಡು ಮಾತಾಡುವುದನ್ನು ಕಲಿತರು, ಹೆಂಡತಿಯೂ ಸೇರಿ. ಗಾವಡಗೆರೆಯ ಪೆಂಡಾಲಿನಲ್ಲಂತೂ ಲಿಂಗರಾಜು, ಸೋಮಶೇಖರ ಇಬ್ಬರೂ ಹೇಳದೆ ಕೇಳದೆ ಹಾಡು ಮುಗಿಸಿಬಿಟ್ಟರು. ಕಂಠಪ್ಪನೊಬ್ಬನೇ ಇನ್ನೂ ಬಾರಿಸುತ್ತಿದ್ದ. ಜನ ನಕ್ಕರು. ಬೇಕೆಂದೇ ಮಾಡಿದರು ಎಂದು ಅವನು ಆವತ್ತೇ ತೀರ್ಮಾನಿಸಿದ.

ಅದಾಗಿ ಸ್ವಲ್ಪ ದಿನಕ್ಕೆ ಲಿಂಗರಾಜು ಹೊಸ ರಾಗ ತೆಗೆದ. "ನನ್ ಗಂಟ್ಲು ಹೋಗದೆ ಕಣ್ರಲಾ. ಹಳೇ ಹಾಡ್ನೆಲ್ಲ ಇನ್ಮೇಲೆ ಮೆತ್ತಗೆ ಹಾಡಣ."

ಸಾಲಿಗ್ರಾಮದ ಸ್ಕೂಲಿನ ಹಾಲಿನಲ್ಲಿ ಮೂರು ಕುರ್ಚಿ, ಒತ್ತೊತ್ತಾಗಿ. ಡ್ರಮ್ಮಿಲ್ಲ. ಕಂಠಪ್ಪನ ತೊಡೆಯ ಮೇಲೊಂದು ಡೋಲಕ್. ತೂಬಿನ ಹಾಡಿಗೆ ಯಾರೂ ಕೂಗಲಿಲ್ಲ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಲಿಂಗರಾಜು ಮಾತ್ರ ಹಾಡಿನುದ್ದಕ್ಕೂ ಪಕ್ಕದ ಕಂಠಪ್ಪನ ಕಾಲನ್ನು ತನ್ನ ಕಾಲಿನಿಂದ ಒತ್ತುತ್ತಲೇ ಇದ್ದ. ಕೊನೆಗೆ ಜನ ಚಪ್ಪಾಳೆಯನ್ನೂ ಮೆತ್ತಗೇ ತಟ್ಟಿದರು.

"ನಿಂಗೆ ತಾಳ ಕಲಿಸ್ದೋನು ನಾನು. ನಂಗೇ ಕಾಲ್ ತುಳ್ದು ಹೇಳ್ಕೊಡ್ತೀಯೇನ್ಲಾ?" ಎಂದು ಕಂಠಪ್ಪ ಹೊರಗೆ ಬಂದು ಕೇಳಿದ್ದ. ಲಿಂಗರಾಜು ನಕ್ಕ. ಆ ನಗುವಿಗೇ ಮಾತು ಬಿಟ್ಟದ್ದು.

*

ಇವತ್ತು ಬಂದದ್ದು ಅಳುವುದಕ್ಕಲ್ಲ. ತನ್ನನ್ನು ಮೂಲೆಗೆ ತಳ್ಳಲೆಂದೇ ಲಿಂಗರಾಜು ಹಾಡುಗಳನ್ನು ಮೆತ್ತಗೆ ಮಾಡಿದನೋ, ಅಲ್ಲವೋ, ಅದೊಂದು ತಿಳಿಯಬೇಕಿತ್ತು. ಗಂಡನ ಕಾಲ ಬಳಿ ಕೂತಿದ್ದ ಪ್ರಮೀಳಾ ಅವನನ್ನು ನೋಡಿ ಕೈಬೀಸಿ ಕರೆದಳು. ಅವನು ಕೂತಮೇಲೆ ಎದ್ದು ಸುತ್ತಿ ಬಂದು ಅವನ ಎಡಕ್ಕೆ ಕೂತು, ಕಿವಿಯ ಹತ್ತಿರ ಬಾಯಿಟ್ಟಳು.

"ಕಂಠಣ್ಣ, ಈ ಕಡೆಯಿಂದ ಕೇಳಿಸ್ತದಾ?"

ಕಂಠಪ್ಪ ಬೆಚ್ಚಿದ. ಎಡಗಿವಿ ಮಾತ್ರ ಅಷ್ಟಿಷ್ಟು ಉಳಿದಿದೆ ಎಂದು ಅವನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ, ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ. "ನಿಂಗ್ಯಾರವ್ವ ಹೇಳಿದ್ದು?"

"ಇವ್ರೇ. ಗಾವಡಗೆರೆಯಿಂದ ಬಂದೋರು ಊಟಾನೇ ಮಾಡ್ನಿಲ್ಲ. 'ಕಂಠನ್ ಕಿವಿ ಹೋಯ್ತಾ ಅದೆ ಕಣೆ. ಹಿಂದೆ ಒಬ್ನೇ ಕೂತ್ರೆ ಹಾಡು ಎಲ್ಲದೆ ಅಂತ ತಿಳೀತಿಲ್ಲ. ಪಕ್ಕದಲ್ಲಿ ಕೂರಿಸ್ಕಂಡ್ರೆ ಕಾಲಲ್ಲಿ ಹೇಳ್ಬೋದು' ಅಂದ್ರು."

"ಗಂಟ್ಲು ಹೋಗದೆ ಅಂದಿದ್ದ?"

"ಗಂಟ್ಲಿಗೇನಾಗಿತ್ತು? ಮೊನ್ನೆ ತನಕ ಬೀದಿಗೆಲ್ಲ ಕೇಳಂಗೆ ಹಾಡೋರು, ಬಚ್ಚಲಲ್ಲಿ."

"ನಂಗೊಂದು ಮಾತು ಹೇಳ್ಬೋದಿತ್ತಲ್ಲವ್ವ."

"ಹೇಳಿದ್ರೆ ಬಾರ್ಸೋದೇ ಬುಟ್ಬುಡ್ತಾನೆ ಅಂತಿದ್ರು."

ಕಂಠಪ್ಪ ಸುತ್ತ ನೋಡಿದ. ಇದೂ ನಾಟಕವಿರಬಹುದೇ? ಸೋಮಶೇಖರ ಭಜನೆಯವರ ಹಾರ್ಮೋನಿಯಂ ಒರೆಸುತ್ತಿದ್ದ. ಉಳಿದವರು ತಮ್ಮ ತಮ್ಮ ಮಾತಿನಲ್ಲಿದ್ದರು. ಇವನತ್ತ ನೋಡುತ್ತಿದ್ದವರು ಯಾರೂ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಅನುಮಾನಪಡಲು ಯಾರೂ ಸಿಗಲಿಲ್ಲ, ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಇವ್ರನ್ನ ಎತ್ತೋದ್ರೊಳಗೆ ತೂಬಿನ್ ಹಾಡು ಒಂದ್ಸಲ ಹಾಡಿ," ಎಂದಳು ಪ್ರಮೀಳಾ. "ಅವತ್ತಿನಂಗೇ, ಮೆತ್ತಗೆ."

ಹೆಣದ ಪಕ್ಕಕ್ಕೊಂದು ಕುರ್ಚಿ ಬಂತು. ಡೋಲಕ್ ತೊಡೆಗೇರಿತು. ಹಾರ್ಮೋನಿಯಂ ಮೇಲೆ ಸೋಮಶೇಖರನ ಬೆರಳುಗಳು ಆಡಿದವು, ತುಟಿ ಆಡಿತು. ಕಂಠಪ್ಪ ಅಂದಾಜಿನ ಮೇಲೆ ಹೊಡೆದ. ಸೋಮಶೇಖರ ತಟ್ಟನೆ ತಲೆ ಎತ್ತಿದ. ತಪ್ಪಿತ್ತು. ಇನ್ನೊಮ್ಮೆ ಹೊಡೆದ, ಮತ್ತೂ ತಪ್ಪಿತು. ತನಗರಿವಿಲ್ಲದೆಯೇ ಅವನ ಕಾಲು ಪಕ್ಕಕ್ಕೆ ಸರಿದು ಲಿಂಗರಾಜುವಿನ ಕಾಲಿಗೆ ತಾಗಿತು. ತಣ್ಣಗಿತ್ತು. ಅವನು ಕಾದ. ಆ ಕಾಲು ಒತ್ತಲಿಲ್ಲ.

ಡೋಲಕ್ಕಿನ ಮೇಲೆ ಕೈ ಹಾಗೇ ನಿಂತಿತು. ಆಗ ಪಾದದ ಮೇಲೆ ಬಿಸಿ ಅಂಗೈಯೊಂದು ಬಿತ್ತು. ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. ಪ್ರಮೀಳಾ ಇವನತ್ತ ನೋಡಲಿಲ್ಲ, ಗಂಡನ ಮುಖ ನೋಡುತ್ತಲೇ ಇದ್ದಳು. ಕೊನೆಯ ಸಲಕ್ಕೆಂದು ಯಾರೋ ತೊಡಿಸಿದ್ದ ಹಸಿರು ಬಳೆಗಳು ಅವಳ ಮುಂಗೈಯಲ್ಲಿ ಸದ್ದಿಲ್ಲದೆ ಕುಣಿಯುತ್ತಿದ್ದವು. ಕಂಠಪ್ಪ ಆ ಬಳೆಗಳನ್ನೇ ನೋಡುತ್ತ ಬಾರಿಸತೊಡಗಿದ.