ಪವಳರಾಣಿಗೆ ತವರಿನ ಸೀರೆ

ತಮ್ಮನ ಹೆಂಡತಿಯ ಪಾದಕ್ಕೆ ಅರಿಸಿನ ಹಚ್ಚುತ್ತಿದ್ದ ಪುಷ್ಪಾವತಿ ಅರ್ಧಕ್ಕೇ ಕೈ ನಿಲ್ಲಿಸಿ ತಲೆಯೆತ್ತಿದಳು.

“ಮುಂಡಪ್ಪಾ, ತವರಿನ ಸೀರೆಗೆ ಎಂತ ಮಾಡುದು?”

ನವಿ ಮುಂಬಯಿಯ ಸಾನಪಾಡಾದ ಆ ಫ್ಲ್ಯಾಟಿನ ಹಾಲಿನಲ್ಲಿ ಪಿಸುಗುಡುತ್ತಿದ್ದ ಹೆಂಗಸರೆಲ್ಲ ಅವನತ್ತ ತಿರುಗಿದರು. ಗಂಡನಿರುವಾಗಲೇ ಹೋದ ಮುತ್ತೈದೆ ಪವಳರಾಣಿ. ಕೊನೆಯ ಸಲ ಮೈಮೇಲೆ ಹೊದಿಸುವ ಸೀರೆ ತವರಿನವರ ಕೈಯಿಂದಲೇ ಬರಬೇಕು. ಅವಳ ತವರೋ ಸಮುದ್ರದಾಚೆ, ಶ್ರೀಲಂಕಾದ ಹಟನ್ನಿನ ಚಹಾ ತೋಟದಲ್ಲಿ. ಮಸ್ಕತ್ತಿನ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದ ಮುಂಡಪ್ಪ, ಅಲ್ಲಿನ ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಅವಳನ್ನು ಮದುವೆಯಾಗಿ ಇಲ್ಲಿಗೆ ಕರೆತಂದಿದ್ದ. ಮಕ್ಕಳಾಗಲಿಲ್ಲ. ತವರಿನಿಂದ ಒಬ್ಬರೂ ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಸೀಮಂತ, ಮದುವೆ ಎಂದು ನೆಂಟರು ಸೇರಿದಾಗಲೆಲ್ಲ “ಪಾಪ, ತವರಿಲ್ಲದವಳು” ಎಂದು ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದವಳು ಇದೇ ಪುಷ್ಪಾವತಿ.

“ವಾಶಿಯಲ್ಲಿ ಅಂಗಡಿ ತೆರೆದಿರ್ತದೆ,” ಎಂದಳು ಅವಳೇ, ದನಿ ತಗ್ಗಿಸಿ. “ಒಂದು ಸೀರೆ ತರಿಸುವ. ತವರಿಂದ ಬಂತು ಅಂತ ಹೇಳುವ. ಯಾರು ಕೇಳ್ಲಿಕ್ಕೆ ಹೋಗ್ತಾರೆ?”

“ಬೇಡ ಅಕ್ಕ. ಸತ್ತವಳ ಮೈಮೇಲೆ ಸುಳ್ಳು ಹೊದಿಸುದು ಬೇಡ.”

“ಹಾಗಾದ್ರೆ ಹಾಗೇ ಕಳಿಸುದಾ? ಗತಿಯಿಲ್ಲದವಳ ಹಾಗೆ?”

ಬಾಗಿಲ ಬಳಿ ನಿಂತಿದ್ದ ಕನ್ನಡ ಸಂಘದ ಕಾರ್ಯದರ್ಶಿ ಕಿಟ್ಟಣ್ಣ, ಮೈಸೂರಿನವರು, ಮುಂಡಪ್ಪನ ಭುಜ ಹಿಡಿದರು.

“ಎಂಥಾ ಕೆಲಸ ಮಾಡಿದ್ರು ರೀ ನಿಮ್ಮನೆಯವರು. ತುರ್ಭೆ ಮಾರ್ಕೆಟ್ಟಿನ ಹಮಾಲರ ಹೆಣ್ಣುಮಕ್ಕಳಿಗೆ ವಾಲಿಬಾಲ್ ಕಲಿಸಿ ರೈಲ್ವೆ, ಪೊಲೀಸು ಅಂತ ನೌಕರಿ ಹಿಡಿಯೋ ಹಾಗೆ ಮಾಡಿದ್ರಲ್ಲ. ಈ ಸಲ ಸಂಘದಿಂದ ಸನ್ಮಾನ ಮಾಡ್ಬೇಕು ಅಂತಿದ್ವಿ.”

“ಪ್ರತಿ ಸಲ ಹಾಗೇ ಅಂತಿದ್ರಿ.”

“ಏನ್ಮಾಡೋದು ಹೇಳಿ. ಕಮಿಟೀಲಿ ಒಬ್ರಲ್ಲ ಒಬ್ರು, ಅವ್ರ ಊರು ಕರ್ನಾಟಕದಲ್ಲಿ ಯಾವುದು ಅಂತ ಕೇಳ್ಬಿಡೋರು.”

ಹೆಣದ ಮುಂದೆ ಹೊಗಳುವುದಕ್ಕೆ ಮಾತ್ರ ಯಾರಿಗೂ ಕಮಿಟಿಯ ಒಪ್ಪಿಗೆ ಬೇಕಾಗುವುದಿಲ್ಲ.

ಮುಂಡಪ್ಪ ಬಾಲ್ಕನಿಗೆ ಹೋಗಿ ಹಟನ್ನಿಗೆ ಫೋನು ಹಚ್ಚಿದ. ಸೀರೆ ಅಲ್ಲಿಂದ ಬರುವಂತಿರಲಿಲ್ಲ. ನಿಮ್ಮ ಹೆಸರಲ್ಲಿ ನಾನೇ ಒಂದು ಹೊದಿಸಲೇ ಎಂದು ಅವಳ ಅಣ್ಣನನ್ನು ಕೇಳಿದರೆ ಅದು ಸುಳ್ಳಾಗುವುದಿಲ್ಲ ಎಂಬ ಆಸೆ. ತನಗೆ ಬರುವ ಹರಕು ತಮಿಳಿನಲ್ಲಿ ಸುದ್ದಿ ಹೇಳಿದ, ಕೇಳಬೇಕಾದ್ದನ್ನು ಕೇಳಿದ.

“ಅಮ್ಮ ಕಣ್ಣು ಮುಚ್ಚುವವರೆಗೆ ಬಾಗಿಲನ್ನೇ ನೋಡುತ್ತಿದ್ದಳು. ನಮ್ಮ ಹೆಸರು ಬೇಡ,” ಎಂದು ಅಣ್ಣ ಫೋನಿಟ್ಟ.

*

ಪವಳರಾಣಿಗೆ ಭಾರತದ ಪೌರತ್ವದ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆದ ಮೇಲೆ ಒಂದು ದಿನ ಕಾಗದ ಬಂದಿತ್ತು. ಇಲ್ಲಿಯ ಪೌರತ್ವ ಕೊಡುತ್ತೇವೆ, ಮೊದಲು ಅಲ್ಲಿಯದನ್ನು ಬಿಟ್ಟುಕೊಡಿ ಎಂದು. ಅದೇ ವಾರ ಹಟನ್ನಿನಿಂದ, ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಫೋನು.

“ಒಂದ್ಸಲ ಅಮ್ಮನ ಮುಖ ನೋಡಿ ಬರ್ತೇನೆ,” ಎಂದಿದ್ದಳು ಪವಳರಾಣಿ. “ಬಂದ ಮೇಲೆ ಪಾಸ್‌ಪೋರ್ಟ್ ಕೊಡುವ.”

“ಈಗ ಹೋದ್ರೆ ಫೈಲು ಅಲ್ಲೇ ಕೂರ್ತದೆ. ಇಷ್ಟು ವರ್ಷ ಕಾದದ್ದು ನೀರಲ್ಲಿ ಹೋಮ. ಸ್ವಲ್ಪ ತಡಿ ಮಾರಾಯ್ತಿ, ಅಮ್ಮ ಎಲ್ಲಿಗೆ ಹೋಗ್ತಾರೆ?” ಎಂದಿದ್ದ ಮುಂಡಪ್ಪ.

ಅಮ್ಮ ಹೋದರು. ಹಳೆಯ ಪಾಸ್‌ಪೋರ್ಟು ಕೈಬಿಟ್ಟು ಹೊಸದು ಕೈಸೇರದ ಆ ನಡುವಿನ ತಿಂಗಳುಗಳಲ್ಲೇ ಹೋದರು. ಪವಳರಾಣಿ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಪೌರತ್ವದ ಪ್ರಮಾಣಪತ್ರ ಬಂದ ದಿನ ಮುಂಡಪ್ಪ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದ. ಅವಳೊಂದನ್ನೂ ಬಾಯಿಗಿಡಲಿಲ್ಲ. ಕೆಲವೇ ದಿನಗಳಲ್ಲಿ ಒಂದು ಚೆಂಡು ಕೊಂಡು ತುರ್ಭೆಯ ಖಾಲಿ ಮೈದಾನಕ್ಕೆ ಹೋಗತೊಡಗಿದಳು. ಟೈಮ್‌ಪಾಸಿಗೆ ಏನೋ ಒಂದು ಸಿಕ್ಕಿತು, ದುಃಖ ಮರೆತಳು ಎಂದುಕೊಂಡು ಅವನು ನಿರಾಳವಾದ. ಹಾಗೆ ನಿರಾಳವಾದದ್ದಕ್ಕೆ ಈಗ ತನ್ನ ಮೇಲೆಯೇ ಹೇಸಿಗೆಯಾಯಿತು.

*

ಮೆಟ್ಟಿಲ ಮೇಲೆ ಬಹಳ ಜನರ ಹೆಜ್ಜೆ ಕೇಳಿಸಿತು. ತುರ್ಭೆಯ ಹುಡುಗಿಯರು ಒಬ್ಬರ ಹಿಂದೊಬ್ಬರು ಬಂದು ಗೋಡೆಗೊರಗಿ ನಿಂತರು. ಮುಂದೆ ಕುಶಲ, ಪವಳರಾಣಿಯ ಮೊದಲ ಶಿಷ್ಯೆ, ಈಗ ಕಲ್ಯಾಣದಲ್ಲಿ ರೈಲ್ವೆಯ ಟಿಕೆಟ್ ಕ್ಲರ್ಕು. ಅವಳ ಕೈ ಹಿಡಿದುಕೊಂಡು ಅವಳ ತಾಯಿ ದುಂಡವ್ವ, ಸಿಂದಗಿ ಕಡೆಯಿಂದ ಬಂದು ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುತ್ತ ಮುದುಕಿಯಾದವಳು. ಬಂದವಳೇ ಹೆಣದ ಬದಿಗೆ ಕೂತು ಚೀಲದಿಂದ ಹಸಿರು ಇಳಕಲ್ ಸೀರೆ ತೆಗೆದಳು.

ಪುಷ್ಪಾವತಿ ಕೈ ಅಡ್ಡ ಹಿಡಿದಳು. “ಸ್ವಲ್ಪ ನಿಲ್ಲಿ. ಇದು ತವರಿನವರು ಹೊದಿಸುವ ಸೀರೆ.”

“ಅದಕ್ಕ ತಂದೀವ್ರಿ. ತವರಮನಿ ನಮ್ದು.”

“ನಿಮ್ಮದು ಹೇಗೆ ಆಗ್ತದೆ?”

“ಪ್ರತಿ ಪಂಚಮಿಗೆ ನಮ್ಮ ಮನಿಗೇ ಬರ್ತಿದ್ಲಲ್ರಿ. ಪಂಚಮಿಗೆ ಹೆಣ್ಮಗಳು ತವರಿಗಲ್ದ ಎಲ್ಲಿಗೆ ಹೋಗ್ತಾಳ? ಚಾಳಿನ ಮುಂದ ಜೋಕಾಲಿ ಕಟ್ಟತಿದ್ವಿ. ಆಡಿ, ಉಂಡು, ಸಂಜೀಕ ಉಂಡಿ ಕಟಗೊಂಡು ಗಂಡನ ಮನಿಗೆ ಬರಾಕಿ.”

ಆ ಉಂಡೆಗಳನ್ನು ಮುಂಡಪ್ಪ ಪ್ರತಿ ವರ್ಷ ಚಹಾದ ಜೊತೆ ತಿಂದಿದ್ದ. ಕರಾವಳಿಯ ಅವನ ಕಡೆ ನಾಗರಪಂಚಮಿಯೆಂದರೆ ನಾಗನಿಗೆ ಹಾಲೆರೆದರೆ ಮುಗಿಯಿತು. ಘಟ್ಟದ ಮೇಲಿನವರು ಅಂದು ಮಗಳನ್ನು ತವರಿಗೆ ಕರೆಸುತ್ತಾರೆ, ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಯಾರೋ ಹುಡುಗಿಯರು ಕೊಟ್ಟದ್ದು ಎಂದುಕೊಂಡಿದ್ದ. “ನಿಮ್ಮನ್ನೂ ಊಟಕ್ಕೆ ಕರೆದಿದ್ದಾರೆ” ಎಂದು ಅವಳು ಹೇಳಿದಾಗಲೆಲ್ಲ, “ಆ ಗಲ್ಲಿಗೆ ನಾನೆಂತಕ್ಕೆ?” ಎಂದು ಪೇಪರು ಬಿಡಿಸಿದ್ದ.

ಪುಷ್ಪಾವತಿ ತಮ್ಮನ ಮುಖ ನೋಡಿದಳು.

“ಅವರೇ ಹೊದಿಸಲಿ ಅಕ್ಕ,” ಎಂದ. “ತವರಿತ್ತು ಅವಳಿಗೆ. ನಮಗೆ ಗೊತ್ತಿರಲಿಲ್ಲ.”

ಪುಷ್ಪಾವತಿ ಸರಿದು ಅರಿಸಿನದ ಬಟ್ಟಲನ್ನು ದುಂಡವ್ವನ ಮುಂದಿಟ್ಟಳು. ಸೀರೆ ಹೊದಿಸಿ, ಸೆರಗು ತಿದ್ದಿ, ದುಂಡವ್ವ ಪವಳರಾಣಿಯ ಗಲ್ಲ ನೀವಿದಳು. ಅದುವರೆಗೆ ತಡೆದುಕೊಂಡಿದ್ದ ಕುಶಲ “ಮ್ಯಾಡಮ್, ಮ್ಯಾಡಮ್” ಎಂದು ಬಿಕ್ಕಿ ಅತ್ತಳು.

ಕೆಳಗೆ ಗಾಡಿ ಬಂತೆಂದು ಯಾರೋ ಹೇಳಿದರು. ದುಂಡವ್ವ ಏಳುತ್ತ ಮತ್ತೆ ಚೀಲಕ್ಕೆ ಕೈ ಹಾಕಿ ಒಂದು ಟಾವೆಲ್ಲು, ಒಂದು ಬಿಳಿ ಟೋಪಿ ತೆಗೆದು ಮುಂಡಪ್ಪನ ಹತ್ತಿರ ಬಂದಳು.

“ಮುಂದಿನ ಪಂಚಮಿಗೆ ನಮ್ಮನಿಯವರನ್ನ ಕರಕೊಂಡ ಬರ್ತೀನಿ ಅಂತ ವರ್ಷಾ ವರ್ಷಾ ಹೇಳಾಕಿ. ಅಳಿಯಂದ್ರು ಮೊದಲ ಸಲ ಬಂದ್ರ ಟಾವೆಲ್ಲು ಟೋಪಿ ಕೊಟ್ಟು ಆಯೇರಿ ಮಾಡಬೇಕಲ್ರಿ, ಅದಕ್ಕ ತಗೊಂಡಿಟ್ಟಿದ್ವಿ. ಇವತ್ತ ಕೊಡೋದಲ್ಲ ಇದು. ಆದ್ರ ಇನ್ನ ಯಾವಾಗ ಕೊಡ್ಲಿ?”

ಮುಂಡಪ್ಪ ಅವಳೆದುರು ತಲೆ ಬಗ್ಗಿಸಿದ. ದುಂಡವ್ವ ಟಾವೆಲ್ಲನ್ನು ಹೆಗಲಿಗೆ ಹಾಕಿ ಟೋಪಿ ಬಿಡಿಸಲು ನೋಡಿದಳು. ವರ್ಷಗಟ್ಟಲೆ ಟ್ರಂಕಿನಲ್ಲಿ ಮಡಚಿಟ್ಟದ್ದು, ಮಡಿಕೆ ಹಳದಿಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸತೊಡಗಿದಳು. ಅವನು ತಲೆ ಎತ್ತದೆ ಹಾಗೇ ಕಾದು ನಿಂತ.