ಡ್ರೈವರಮ್ಮ ಮಾತು ನಿಲ್ಲಿಸಿದಾಗ

ಹೆರಿಗೆ ವಾರ್ಡಿನ ಮೂರನೇ ಹಾಸಿಗೆಯವಳು ಸಿಟಿ ಬಸ್ಸಿನ ಡ್ರೈವರು. ಬೆಳಿಗ್ಗೆ ಒಂಬತ್ತಕ್ಕೆ ಹೆಣ್ಣು ಮಗು ಹೆತ್ತಿದ್ದಳು. ಮಗಳ ಮೊದಲ ಅಳು ಕೇಳಿದ್ದೇ, "ಹಾರ್ನ್ ಸರಿಯಿದೆ, ಇನ್ನು ಬ್ರೇಕ್ ನೋಡ್ಕೋಬೇಕು" ಎಂದು ಡಾಕ್ಟರನ್ನು ನಗಿಸಿದ್ದಳು. ವಾರ್ಡಿಗೆ ಬಂದ ಮೇಲೂ ಅವಳ ಬಾಯಿಗೆ ಬಿಡುವಿರಲಿಲ್ಲ. ಎದುರು ಹಾಸಿಗೆಯವಳು, ನಕ್ಕರೆ ಹೊಲಿಗೆ ಎಳೆಯುತ್ತದೆ, ಸ್ವಲ್ಪ ಸುಮ್ಮನಿರಿ ಎಂದು ಕೈ ಮುಗಿಯಬೇಕಾಯಿತು.

ಅವಳನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ಹೆರಿಗೆಯಾದ ಮೊದಲ ಎರಡು ಗಂಟೆ, ಕಾಲು ಗಂಟೆಗೊಮ್ಮೆ ನಾಡಿ, ಬಿಪಿ, ರಕ್ತಸ್ರಾವ ನೋಡಲೇಬೇಕೆಂದು ದೊಡ್ಡ ಸಿಸ್ಟರ್ ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಡ್ರೈವರಮ್ಮನ ಅತ್ತೆಗೆ ಇದು ಸರಿಬರಲಿಲ್ಲ. ಬಾಣಂತಿಗೆ ಕಣ್ಣು ಮುಚ್ಚಲೂ ಬಿಡಳಲ್ಲ ಈ ಹುಡುಗಿ ಎಂದು ಗೊಣಗುತ್ತಲೇ ಇದ್ದರು. ಮೂತ್ರಕ್ಕೆ ಹೋಗಬೇಕೇ ಎಂದು ನರ್ಸ್ ಕೇಳಿದಾಗಲೆಲ್ಲ ಡ್ರೈವರಮ್ಮ ಬೇಡವೆಂದು ತಲೆಯಾಡಿಸುತ್ತಿದ್ದಳು.

ಹತ್ತೂವರೆಗೆ ನರ್ಸ್ ಬಂದಾಗ ಮೂರನೇ ಹಾಸಿಗೆಯಲ್ಲಿ ಸದ್ದಿರಲಿಲ್ಲ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

"ಈಗ ತಾನೆ ನಿದ್ದೆ ಹತ್ತಿದೆ. ಆಮೇಲೆ ಬಾಮ್ಮ."

ನರ್ಸ್ ತಿರುಗಿದಳು. ಎರಡು ಹೆಜ್ಜೆ ಇಟ್ಟವಳಿಗೆ ಮನಸ್ಸು ಒಪ್ಪಲಿಲ್ಲ. ಅಷ್ಟು ಮಾತಾಡುವವಳು ಒಂದೇ ಸಲಕ್ಕೆ ಹೀಗೆ ಸುಮ್ಮನಾಗುವುದೆಂದರೇನು? ಹಿಂದಿರುಗಿ ಹಣೆ ಮುಟ್ಟಿದರೆ ತಣ್ಣನೆ ಬೆವರು. ತುಟಿ ಬಿಳಿಚಿತ್ತು, ನಾಡಿ ಓಡುತ್ತಿತ್ತು. ಹೊದಿಕೆ ಸರಿಸಿದಳು. ಕಾಲು ಗಂಟೆ ಹಿಂದಷ್ಟೇ ಬದಲಿಸಿದ್ದ ಪ್ಯಾಡು ತೊಯ್ದು ರಕ್ತ ಹಾಸಿಗೆಗಿಳಿದಿತ್ತು.

ಒಂದು ಕೈಯಿಂದ ಗಂಟೆ ಒತ್ತಿ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟಳು. ಹೊಕ್ಕುಳ ಕೆಳಗೆ ಚೆಂಡಿನಂತೆ ಗಟ್ಟಿಯಾಗಿರಬೇಕಾದ ಗರ್ಭಕೋಶ ನಾದಿದ ಹಿಟ್ಟಿನಂತೆ ಮೆತ್ತಗಾಗಿ, ಮೇಲೇರಿ, ಬಲಕ್ಕೆ ಸರಿದಿತ್ತು. ಒತ್ತಿ ಉಜ್ಜಿದರೆ ಗಟ್ಟಿಯಾಗುತ್ತಿತ್ತು, ಕೈ ಸಡಿಲಿಸಿದರೆ ಮತ್ತೆ ಮೆತ್ತಗೆ. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಇಂಜೆಕ್ಷನ್, ಡ್ರಿಪ್ ಸಮೇತ ಓಡಿಬಂದರು.

"ಸಿಸ್ಟರ್, ಬಲಕ್ಕೆ ಸರಿದಿದೆ. ಮೂತ್ರಚೀಲ ತುಂಬಿರಬೇಕು," ಎಂದಳು ನರ್ಸ್.

ದೊಡ್ಡ ಸಿಸ್ಟರ್ ಇಂಜೆಕ್ಷನ್ ಕೊಟ್ಟು ಡ್ರಿಪ್ ಏರಿಸಿದರು, ಅವರ ಹಿಂದೆಯೇ ಬಂದ ಇನ್ನೊಬ್ಬ ಸಿಸ್ಟರ್ ಮೂತ್ರಕ್ಕೆ ನಳಿಕೆ ಹಾಕಿದರು. ಹೆಚ್ಚುಕಡಿಮೆ ಒಂದು ಲೀಟರ್ ಬಂತು. ನರ್ಸಿನ ಅಂಗೈಯ ಕೆಳಗೆ ಗರ್ಭಕೋಶ ಮೆಲ್ಲಗೆ ಬಿಗಿಯಾಯಿತು, ಈ ಸಲ ಸಡಿಲವಾಗಲಿಲ್ಲ. ಡಾಕ್ಟರ್ ಬಂದು, ಮಾಸು ಪೂರ್ತಿ ಬಂದಿದೆ, ಒಳಗೆಲ್ಲೂ ಹರಿದಿಲ್ಲ ಎಂದು ಖಚಿತ ಮಾಡಿಕೊಂಡರು. ಅರ್ಧ ಗಂಟೆಯಲ್ಲಿ ರಕ್ತಸ್ರಾವ ಹತೋಟಿಗೆ ಬಂತು, ತುಟಿಗೆ ಬಣ್ಣ ಮರಳಿತು.

ಮೂತ್ರ ಅಷ್ಟು ತುಂಬಿದ್ದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ದೊಡ್ಡ ಸಿಸ್ಟರ್ ಡ್ರೈವರಮ್ಮನನ್ನು ಕೇಳಿದರು.

"ನಂಗೆ ಗೊತ್ತೇ ಆಗ್ಲಿಲ್ಲ ಸಿಸ್ಟರ್," ಎಂದಳು ಡ್ರೈವರಮ್ಮ. "ಹನ್ನೊಂದು ವರ್ಷದಿಂದ ತಡ್ಕೊಂಡೇ ಬಸ್ ಓಡಿಸ್ತಿದೀನಿ. ಕೊನೇ ಸ್ಟಾಪಲ್ಲೂ ಹೆಂಗಸರಿಗೆ ಅಂತ ಒಂದು ಜಾಗ ಇಲ್ಲ."

ಹೆರಿಗೆಯಾದ ಮೇಲೆ ಎಷ್ಟೋ ಜನಕ್ಕೆ ಹಾಗೆ ಗೊತ್ತಾಗುವುದಿಲ್ಲ, ತುಂಬಿದ ಮೂತ್ರಚೀಲ ಗರ್ಭಕೋಶವನ್ನು ಬಿಗಿಯಾಗಲು ಬಿಡುವುದಿಲ್ಲ, ಅದಕ್ಕೇ ಅನ್ನಿಸದಿದ್ದರೂ ಹೋಗಿಬರಬೇಕು ಎಂದು ದೊಡ್ಡ ಸಿಸ್ಟರ್ ಬಿಡಿಸಿ ಹೇಳಿದರು.

ಮೊಮ್ಮಗಳನ್ನು ಎದೆಗವಚಿಕೊಂಡು ಗೋಡೆಗಂಟಿ ನಿಂತಿದ್ದ ಅತ್ತೆ ಆಗ ಹತ್ತಿರ ಬಂದು ನರ್ಸಿನ ಕೈ ಹಿಡಿದರು.

"ನಿನ್ನನ್ನ ನಾನೇ ವಾಪಸ್ ಕಳಿಸ್ಬಿಡ್ತಿದ್ನಲ್ಲ ಮಗಳೇ."

"ನಾನೂ ಎರಡು ಹೆಜ್ಜೆ ಹೋಗಿಬಿಟ್ಟಿದ್ದೆ ಅಮ್ಮ," ಎಂದಳು ನರ್ಸ್. ಅತ್ತೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಸೆಗೆಂದು ತಂದಿದ್ದ ಫ್ಲಾಸ್ಕಿನ ಬಿಸಿ ಹಾಲನ್ನು ಅವಳಿಗೇ ಕುಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಹೊಸ ಹುದ್ದೆಯೊಂದನ್ನು ತಾವಾಗಿಯೇ ವಹಿಸಿಕೊಂಡಿದ್ದರು. ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಮೂತ್ರಕ್ಕೆ ಹೋಗಿಬಂದಿರೇನಮ್ಮ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಇಲ್ಲವೆಂದವರ ರಟ್ಟೆ ಹಿಡಿದು ಎಬ್ಬಿಸಲು ಹೊರಟಾಗ ದೊಡ್ಡ ಸಿಸ್ಟರ್ ತಡೆದರು. ಮೊದಲ ಸಲ ಏಳಿಸುವುದು ನಮ್ಮ ಕೆಲಸ, ನೀವು ಕೇಳಿ, ನಮ್ಮನ್ನು ಕರೆಯಿರಿ ಎಂದರು. ಅತ್ತೆ ಒಪ್ಪಿದರು. ಕೇಳುವುದನ್ನು ಮಾತ್ರ ಬಿಡಲಿಲ್ಲ. ಎದುರು ಹಾಸಿಗೆಯವಳ ಗಂಡ ಹೂಗುಚ್ಛ ಹಿಡಿದು ಬಂದು ಕೂತಿದ್ದ. ಬಾಯಿಪಾಠದ ಓಘದಲ್ಲಿ ಅತ್ತೆ ಅವನನ್ನೂ ಕೇಳಿಬಿಟ್ಟರು. ಅವನು ತಬ್ಬಿಬ್ಬಾಗಿ, ಇಲ್ಲಮ್ಮ, ಈಗಲೇ ಹೋಗಿಬರ್ತೀನಿ ಎಂದು ಎದ್ದು ಹೊರಟೇಬಿಟ್ಟ.