ಉಲ್ಲೇಖದ ಮುಯ್ಯಿ

ಐಸೆಲಿನ್‌ನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲ ಎತ್ತಿಕೊಳ್ಳುವಾಗ ಶರ್ವಾಣಿಯ ಫೋನಿಗೆ ವಿಶ್ವವಿದ್ಯಾಲಯದ ಅವಳ ವಿಭಾಗದ ಮುಖ್ಯಸ್ಥೆ ಲಿಂಡಾಳ ಮೇಲ್ ಬಂತು. ‘ನಿನ್ನ ಪ್ರಬಂಧಗಳನ್ನು ಉಲ್ಲೇಖಿಸಿದವರ ಸಂಖ್ಯೆ ಬೇಸಿಗೆಯಿಂದೀಚೆಗೆ ದಿಢೀರನೆ ಏರಿದೆ. ಟೆನ್ಯೂರ್ ಸಮಿತಿ ಕಾರಣ ಕೇಳುತ್ತಿದೆ. ಸೋಮವಾರ ಬಂದು ಕಾಣು.’

ಗದಗದ ಕಡೆಯ ಹಳ್ಳಿಯಲ್ಲಿ ಬೆಳೆದ ಶರ್ವಾಣಿ ಬರೆಯುವುದು ಕೆರೆಗಳ ಬಗ್ಗೆ. ಊರವರು ಹೂಳು ಹೇಗೆ ಎತ್ತುತ್ತಿದ್ದರು, ತೂಬಿನ ನೀರಿಗೆ ಪಾಳಿ ಹೇಗೆ ಹಚ್ಚುತ್ತಿದ್ದರು ಎಂಬುದನ್ನೆಲ್ಲ. ಇತಿಹಾಸದವರು ಅದನ್ನು ಎಂಜಿನಿಯರಿಂಗ್ ಎಂದು ಪಕ್ಕಕ್ಕಿಡುತ್ತಿದ್ದರು, ಎಂಜಿನಿಯರುಗಳು ಇತಿಹಾಸವೆಂದು. ಅವಳು ಒಂದು ಕೆರೆಯ ಜಾಡು ಹಿಡಿಯುವಷ್ಟರಲ್ಲಿ ಎದುರು ಕೋಣೆಯ ರಸಾಯನಶಾಸ್ತ್ರದವನು ಹತ್ತು ಪ್ರಬಂಧ ಬರೆದು ನೂರಾರು ಕಡೆ ಉಲ್ಲೇಖಗೊಂಡಿರುತ್ತಿದ್ದ. ಸಮಿತಿ ಮಾತ್ರ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುತ್ತಿತ್ತು. ಟೆನ್ಯೂರ್ ಸಿಕ್ಕರೆ ಕೆಲಸ ಕಾಯಂ. ಸಿಗದಿದ್ದರೆ ಮುಂದಿನ ವರ್ಷ ಮನೆ.

ಕಾರಿನಲ್ಲಿ ಕೂತು ಉಲ್ಲೇಖಗಳ ಪಟ್ಟಿ ತೆರೆದಳು. ಇಪ್ಪತ್ತಮೂರಿದ್ದದ್ದು ಅರವತ್ತನಾಲ್ಕಾಗಿತ್ತು. ಹೊಸವೆಲ್ಲ ಧಾರವಾಡದ ಒಂದೇ ಸಂಶೋಧನಾ ಪತ್ರಿಕೆಯವು.

“ರೇಷ್ಮೆ ಮಾರುಕಟ್ಟೆ, ಸಹಕಾರಿ ಬ್ಯಾಂಕು, ಹೆಣ್ಣುಮಕ್ಕಳ ಕಬಡ್ಡಿ...” ಓದುತ್ತ ಅವಳ ದನಿ ಇಳಿಯಿತು.

ಡ್ರೈವ್ ಮಾಡುತ್ತಿದ್ದ ಗಂಡ ಶಶಿಧರ ನಕ್ಕ. ಅವನು ಮೈಸೂರಿನವನು. “ಕಬಡ್ಡಿಯೋರು ನಿನ್ನ ಕೆರೆಗ್ಯಾಕೆ ಬಿದ್ರು ಮಾರಾಯ್ತಿ?”

ಶರ್ವಾಣಿಗೆ ನಗು ಬರಲಿಲ್ಲ. ಸಂಪಾದಕರ ಹೆಸರು ಕಂಡಿತ್ತು: ಈಶಣ್ಣ. ಕಾಲೇಜಿನಲ್ಲಿ ಅವಳ ಸೀನಿಯರ್, ಆಮೇಲೆ ಅಣ್ಣನೇ ಆದವರು.

ಮರುದಿನ ಬೆಳಿಗ್ಗೆ ಫೋನ್ ಮಾಡಿದಳು.

“ಏರಿತೇನವಾ ಎಣಿಕಿ?” ಈಶಣ್ಣನ ದನಿಯಲ್ಲಿ ಹಬ್ಬದ ಸಡಗರ.

“ಈಶಣ್ಣಾ, ಇದೇನ್ ಮಾಡೀರಿ?”

“ಯುಗಾದಿಗೆ ಫೋನ್ ಮಾಡಿ ನೀನಽ ಅತ್ತಿದ್ದಿ. ನನ್ನದು ಯಾರೂ ಓದಂಗಿಲ್ಲ, ನೌಕರಿ ಹೋಗತೈತಿ ಅಂದಿ. ತಂಗಿ ಹೊಲದಾಗ ಕಳೆ ನಿಂತೇತಿ ಅಂದ್ರ ನಾವು ಸುಮ್ನ ಕುಂದ್ರೂದೇನ? ಮುಯ್ಯಾಳು ಹಾಕಿದ್ವಿ. ಬರಿಯಾವ್ರಿಗೆಲ್ಲಾ ಹೇಳೀನಿ, ಶರ್ವಾಣಿದೊಂದು ಸಾಲು ಸೇರಸ್ರಿ ಅಂತ.”

“ಕಬಡ್ಡಿಯಾಗೂ?”

“ಕಬಡ್ಡಿ ಅಂಗಳಕ್ಕ ಕೆರಿ ಮಣ್ಣು ಹಾಕ್ತಾರಲ್ಲಽ!”

ಸಿಟ್ಟಾಗಲು ಹೋಗಿ ಅವಳಿಗೆ ಆಗಲಿಲ್ಲ. ಮುಯ್ಯಾಳು ಅವಳ ಅವ್ವನೂ ಹೋಗುತ್ತಿದ್ದ ಕೆಲಸ. ಇಂದು ನಿಮ್ಮ ಹೊಲದಲ್ಲಿ ನಾವು, ನಾಳೆ ನಮ್ಮ ಹೊಲದಲ್ಲಿ ನೀವು, ಕೂಲಿಯ ಮಾತಿಲ್ಲ. ಬಂದವರನ್ನು ಬದುವಿನಿಂದ ತಿರುಗಿ ಕಳಿಸಿದ ಮನೆಗೆ ಮತ್ತೆ ಯಾರೂ ಕಾಲಿಡುತ್ತಿರಲಿಲ್ಲ.

“ನೀನು ಕೇಳಿದ್ಯಾ? ಇಲ್ವಲ್ಲ,” ಎಂದ ಶಶಿಧರ. “ಆ ಮನುಷ್ಯ ಗೊತ್ತೇ ಇಲ್ಲ ಅಂತ ಹೇಳ್ಬಿಡು. ಸಿಂಪಲ್.”

“ಅತ್ತಿದ್ನಲ್ಲ. ಅದೂ ಕೇಳಿದ ಹಾಗೇನೇ.”

ಭಾನುವಾರ ತಟ್ಟಿದ ರೊಟ್ಟಿಗಳೆಲ್ಲ ಹೊತ್ತಿದವು. ‘ಗೊತ್ತಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದಳು. ಪ್ರತಿ ಸಲವೂ ಈಶಣ್ಣನ ಮುಖ ಎದುರು ಬಂತು.

ಸೋಮವಾರ ಲಿಂಡಾ ಬಾಗಿಲು ಮುಚ್ಚಿ ಕೇಳಿದಳು: “ಈ ಸಂಪಾದಕರು ನಿನಗೆ ಗೊತ್ತೆ?”

“ಗೊತ್ತು,” ಅಂದುಬಿಟ್ಟಳು ಶರ್ವಾಣಿ. ಫೋನಿನಲ್ಲಿ ಅತ್ತದ್ದು, ಕಳೆ ತೆಗೆಯುವ ಹೊಲ, ಬಂದ ಆಳುಗಳು, ಎಲ್ಲ ಹೇಳಿದಳು.

ಲಿಂಡಾ ತಾಳ್ಮೆಯಿಂದ ಕೇಳಿಸಿಕೊಂಡಳು. “ಪ್ರತಿಯಾಗಿ ನೀನು ಅವರಿಗೆ ಏನು ಮಾಡಬೇಕು?”

“ಇನ್ನೂ ಕೇಳಿಲ್ಲ.” ‘ಇನ್ನೂ’ ಎಂದದ್ದು ಅವಳ ಕಿವಿಗೇ ಬಿತ್ತು. “ತೆಗೆದುಬಿಡಿ. ನಲವತ್ತೊಂದನ್ನೂ.”

“ಹಾಗೇ ಬರೆಯುತ್ತೇನೆ. ಇಪ್ಪತ್ತಮೂರನ್ನಿಟ್ಟುಕೊಂಡು ನಿನ್ನ ಪರ ವಾದಿಸುತ್ತೇನೆ. ಗೆಲ್ಲುತ್ತೇನೆ ಎಂದು ಮಾತ್ರ ಹೇಳಲಾರೆ.”

ಹೊರಗೆ ಬಂದು ಪಾರ್ಕಿಂಗ್ ಜಾಗದಲ್ಲಿ ನಿಂತೇ ಫೋನ್ ಹಚ್ಚಿದಳು. ತಡಮಾಡಿದರೆ ಧೈರ್ಯ ಸೋರಿಹೋಗುತ್ತಿತ್ತು.

“ಈಶಣ್ಣಾ, ನಿಮ್ಮ ಆಳುಗಳನ್ನ ತಿರುಗಿ ಕಳಿಸಿದೆ.”

“ಎಲ್ಲಾರನ್ನೂ?”

“ಎಲ್ಲಾರನ್ನೂ.”

“ತಾರಿಣಿದೂ ಹೋತೇನ?”

“ಯಾರಾಕಿ?”

“ನನ್ನ ಕೈಕೆಳಗ ಪಿಎಚ್‌ಡಿ ಮಾಡಾಕತ್ಯಾಳ. ಆಕಿಗೆ ನಾ ಏನೂ ಹೇಳಿರಲೇ ಇಲ್ಲ. ನಿನ್ನ ಪ್ರಬಂಧ ಹಿಡಕೊಂಡು ತಾನಽ ಕೆರಿ ಕೆರಿ ತಿರಗ್ಯಾಳ. ನೀ ಬರದ ಪಾಳಿ ಒಂದೂರಾಗ ಇನ್ನೂ ನಡದೈತಿ ಅಂತ ಕಂಡು ಬಂದಾಳ. ಅದೊಂದು ಖರೆ ಐತಿ ತಂಗಿ. ಹೋಗಿ ಹೇಳು.”

ಶರ್ವಾಣಿ ಲಿಂಡಾಳ ಕಿಟಕಿಯ ಕಡೆ ನೋಡಿದಳು. ನಲವತ್ತು ಸುಳ್ಳು, ಒಂದು ಖರೆ ಎಂದು ಈಗ ಯಾರ ಮುಂದೆ ಹೋಗಿ ನಿಲ್ಲುವುದು? ನಂಬುವವರಾದರೂ ಯಾರು?

“ಅದನ್ನ ಕಳಸ್ರಿ ಅಣ್ಣಾ. ಓದ್ತೀನಿ.”

“ನೀ ಓದಿದ್ರ ಎಣಿಕಿ ಏರತೈತೇನ?”

“ಇಲ್ಲ.”

“ಮತ್ತ?” ಎಂದರು ಈಶಣ್ಣ. ದನಿಯಲ್ಲಿ ಮುನಿಸಿತ್ತು. ಆದರೂ ಅವಳು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಪ್ರಬಂಧ ಬಂದು ತಲುಪಿತ್ತು. ಶರ್ವಾಣಿ ಎಂಜಿನ್ ಶುರು ಮಾಡದೆ, ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲ ಸಾಲಿನಿಂದ ಓದತೊಡಗಿದಳು.